ಹಾಡಿನ ತಟ್ಟೆಗೆ ಹೊಂದುವ ಡಬ್ಬಿ

ಸಿ.ಡಿ. ಕೈಜಾರಿ ನೆಲಕ್ಕೆ ಬಿದ್ದರೆ ಮೊದಲು ಮುರಿಯುವುದು ಡಬ್ಬಿಯ ಮುಚ್ಚಳದ ಎರಡು ಕಿವಿಗಳು. ಅವು ಹೋದರೆ ಮುಚ್ಚಳ ಒಂದು ಕಡೆ, ತಳ ಒಂದು ಕಡೆ. ಇನ್ನೊಂದು ಏಟು ಬಿದ್ದರೆ ನಡುವಿನ ಪ್ಲಾಸ್ಟಿಕ್ ಹಲ್ಲುಗಳು ಉದುರುತ್ತವೆ, ಒಳಗಿನ ಸಿ.ಡಿ. ಸಡಿಲಗೊಂಡು ಗಲಗಲ ಎನ್ನುತ್ತದೆ. ಮನೆಯಲ್ಲಿ ನೂರಾರು ಸಿ.ಡಿ. ಕೂಡಿಟ್ಟವರೆಲ್ಲ ಒಂದಲ್ಲ ಒಂದು ದಿನ ಬದಲಿ ಡಬ್ಬಿ ಹುಡುಕಿಕೊಂಡು ಹೊರಟವರೇ. ಸಿಗುವುದೆಲ್ಲ ಹೊಂದುವುದಿಲ್ಲ. ಯಾಕೆಂದರೆ ಡಬ್ಬಿಯ ಅಳತೆಯನ್ನು ಅನೇಕ ಸಲ ಅಂಗಡಿಯ ಕಪಾಟು ನಿರ್ಧರಿಸಿದೆಯೇ ಹೊರತು ಮನೆಯ ಕಪಾಟಲ್ಲ.

ಗ್ರಾಮೊಫೋನ್ ಕಾಲದ 78 ಆರ್‌ಪಿಎಂ ಪ್ಲೇಟುಗಳಿಗೆ ಅರಗೇ ಜೀವಾಳ. ಲೋಕಕ್ಕೆಲ್ಲ ಆ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ಬಿದ್ದರೆ ಚೂರಾಗುವ ಈ ಪ್ಲೇಟಿಗೆ ಸಿಗುತ್ತಿದ್ದುದು ಬರಿಯ ಕಂದು ಕಾಗದದ ಚೀಲ. ಹಾಡಿನ ಹೆಸರು ಕಾಣಲೆಂದು ನಡುವೆ ದುಂಡನೆಯ ಕಿಂಡಿ. ಹತ್ತು ಇಂಚಿನ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಆಸುಪಾಸು. ಪಾಶ್ಚಾತ್ಯ ಸಂಗೀತದ ದೀರ್ಘ ಕೃತಿಗಳು ಹಲವು ಪ್ಲೇಟುಗಳಿಗೆ ಹರಡಿಕೊಳ್ಳುತ್ತಿದ್ದವು. 1909ರಲ್ಲಿ ಓಡಿಯನ್ ಕಂಪನಿ ಚೈಕೊವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಸಂಗೀತವನ್ನು ನಾಲ್ಕು ಪ್ಲೇಟುಗಳಾಗಿ ಒಂದೇ ಕಟ್ಟಿನಲ್ಲಿ ತಂದಿತು. ಬಳಿಕ ಪುಸ್ತಕದಂತೆ ರಟ್ಟು ಕಟ್ಟಿ, ಒಳಗೆ ಕಾಗದದ ಜೇಬುಗಳನ್ನು ಹೊಲಿದ ಆಲ್ಬಮ್ಮುಗಳು ಬಂದವು.

ಈ ಆಲ್ಬಮ್ಮುಗಳ ಕಥೆಯಲ್ಲಿ ಮೈಸೂರಿಗೂ ಪಾಲಿದೆ. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಇಂಗ್ಲೆಂಡಿನಲ್ಲಿ ಕಷ್ಟದ ದಿನಗಳನ್ನು ಕಳೆಯುತ್ತಿದ್ದಾಗ, ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಅವನ್ನು ಮೆಟ್ನರ್ ಸೊಸೈಟಿಯ ಸಂಪುಟಗಳಾಗಿ ಹೊರತಂದಿತು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು.

ಅಷ್ಟರಲ್ಲಿ ಹೊದಿಕೆಯ ಚಹರೆಯೂ ಬದಲಾಗಿತ್ತು. ಕೊಲಂಬಿಯಾ ಕಂಪನಿಯ ಯುವ ಕಲಾವಿದ ಅಲೆಕ್ಸ್ ಸ್ಟೈನ್‌ವೈಸ್, ಬಣ್ಣಗೆಟ್ಟ ಆಲ್ಬಮ್ಮುಗಳ ಮೇಲೆ ಚಿತ್ರ ಬರೆಸಿದರೆ ಮಾರಾಟ ಹೆಚ್ಚುತ್ತದೆಂದು ಕಂಪನಿಯವರನ್ನು ಒಪ್ಪಿಸಿದರು. 1948ರಲ್ಲಿ ಅದೇ ಕಂಪನಿ ಎಲ್‌ಪಿ ತಂದಾಗ ಹೊಸ ತೊಡಕು ಎದುರಾಯಿತು. ಹಳೆಯ ಒರಟು ಕಾಗದ ವಿನೈಲಿನ ನವಿರು ಗೆರೆಗಳ ಮೇಲೆ ಗುರುತು ಮೂಡಿಸುತ್ತಿತ್ತು. ತೆಳು ರಟ್ಟಿಗೆ ಮುದ್ರಿತ ಕಾಗದ ಅಂಟಿಸಿದ ಹೊದಿಕೆಯನ್ನು ರೂಪಿಸಿದವರೂ ಸ್ಟೈನ್‌ವೈಸ್ ಅವರೇ.

1982ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು: 120 ಮಿ.ಮೀ. ಅಗಲ, 1.2 ಮಿ.ಮೀ. ದಪ್ಪ. ಅದರ ಪಾರದರ್ಶಕ ಡಬ್ಬಿಯನ್ನು ವಿನ್ಯಾಸಗೊಳಿಸಿದವರು ಪೀಟರ್ ಡೂಡ್ಸನ್. ಅಳತೆ 142, 125, 10 ಮಿ.ಮೀ. ಆದರೆ ಅಮೆರಿಕದ ಅಂಗಡಿಗಳ ಕಪಾಟುಗಳೆಲ್ಲ ಹನ್ನೆರಡು ಇಂಚಿನ ಎಲ್‌ಪಿಗೆಂದು ಮಾಡಿಸಿದವು. ಹಾಗಾಗಿ ಅಲ್ಲಿ ಈ ಪುಟ್ಟ ಡಬ್ಬಿಯನ್ನು ಹನ್ನೆರಡು ಇಂಚು ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಕೊಂಡವರು ಮನೆಗೆ ಬಂದೊಡನೆ ಅದನ್ನು ಹರಿದೆಸೆಯುತ್ತಿದ್ದರು. ಕಾಗದ ದಂಡವೆಂಬ ಕೂಗು ಜೋರಾಗಿ 1993ರಲ್ಲಿ ಆ ಪದ್ಧತಿ ನಿಂತಿತು.

ಡೂಡ್ಸನ್ ಡಬ್ಬಿಯ ಪಾಲಿಸ್ಟೈರೀನ್ ಬಿರುಸು, ಬೇಗ ಸೀಳುತ್ತದೆ. ಆದರೆ ಅದು ಮೂರು ಬಿಡಿ ಭಾಗಗಳ ಜೋಡಣೆ, ಅಳತೆಯೂ ಇಂದಿಗೂ ಬದಲಾಗಿಲ್ಲ. ಮುಚ್ಚಳದ ಒಂದು ಕಿವಿಯನ್ನು ಮೆಲ್ಲಗೆ ಹೊರಕ್ಕೆ ಸರಿಸಿದರೆ ಮುಚ್ಚಳ ಬಿಡಿಸಿಕೊಳ್ಳುತ್ತದೆ; ಅಂಚಿನಲ್ಲಿ ಉಗುರು ತೂರಿಸಿ ಎತ್ತಿದರೆ ಒಳತಟ್ಟೆ ಮೇಲೇಳುತ್ತದೆ. ಅದರಡಿ ಎರಡೂ ಅಂಚು ಮಡಿಸಿದ ಹಿಂಬದಿಯ ಕಾಗದವಿರುತ್ತದೆ. ಆ ಮಡಿಕೆಯ ಮೇಲೆಯೇ ಕಪಾಟಿನಲ್ಲಿ ಓದಲು ಸಿಗುವ ಹೆಸರು. ಅದನ್ನು ಹೊಸ ಡಬ್ಬಿಗೆ ಸೇರಿಸಿ ಒಳತಟ್ಟೆಯನ್ನು ಟಕ್ಕೆಂದು ಕೂರಿಸಿದರೆ ಮುಗಿಯಿತು. ಜಾಗ ಉಳಿಯುತ್ತದೆಂದು ಅರ್ಧ ದಪ್ಪದ ತೆಳು ಡಬ್ಬಿ ತಂದವರಿಗೆ ಈ ಕಾಗದವನ್ನು ಎಲ್ಲಿಡಬೇಕೆಂದೇ ತೋಚುವುದಿಲ್ಲ. ಅದರಲ್ಲಿ ಹಿಂಬದಿಯ ಕಾಗದಕ್ಕೆ ಎಡೆಯಿಲ್ಲ, ಬೆನ್ನಿನ ಮೇಲೆ ಹೆಸರೂ ಇರದು.

ಡಿವಿಡಿ ಬಂದಾಗ ತಟ್ಟೆ ಸಿ.ಡಿ.ಯಷ್ಟೇ ಇದ್ದರೂ ಡಬ್ಬಿ ಸುಮಾರು 190 ಮಿ.ಮೀ. ಎತ್ತರಕ್ಕೆ ಬೆಳೆಯಿತು; ವಿಎಚ್‌ಎಸ್ ಕ್ಯಾಸೆಟ್ಟಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಇದು ಬಾಗುವ ಪಾಲಿಪ್ರೊಪಿಲೀನ್, ಸುಲಭಕ್ಕೆ ಒಡೆಯದು. ಬ್ಲೂ-ರೇ ಡಬ್ಬಿ ಮತ್ತೆ ಗಿಡ್ಡವಾದ್ದರಿಂದ ಡಿವಿಡಿಯ ಹೊದಿಕೆ ಕಾಗದ ಅದರಲ್ಲಿ ಹಿಡಿಯುವುದಿಲ್ಲ.

ಹೊದಿಕೆಯೇ ತಟ್ಟೆಯನ್ನು ಕೆಡಿಸಿದ್ದೂ ಉಂಟು. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಅನೇಕ ಸಿ.ಡಿ.ಗಳು ಕ್ರಮೇಣ ಕಂಚಿನ ಬಣ್ಣಕ್ಕೆ ತಿರುಗಿದವು. ಒಳಗಿದ್ದ ಪುಸ್ತಿಕೆಯ ಕಾಗದದ ಗಂಧಕವನ್ನು ಅವುಗಳ ಮೇಲಿನ ರಕ್ಷಣಾ ಲೇಪ ತಡೆಯಲಿಲ್ಲ. ಮೆತ್ತನೆಯ ಪಿವಿಸಿ ಜೇಬುಗಳದು ಬೇರೆ ತಕರಾರು: ಪ್ಲಾಸ್ಟಿಕ್ಕನ್ನು ಮೆದುವಾಗಿಸಲು ಬೆರೆಸಿದ ರಾಸಾಯನಿಕ ನಿಧಾನಕ್ಕೆ ಹೊರಬಂದು ತಟ್ಟೆಯ ಮೇಲೆ ಮಂಜು ಕವಿಸುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2003ರಲ್ಲಿ ಹೊರತಂದ ಕೈಪಿಡಿ, ತಟ್ಟೆಗಳನ್ನು ಪುಸ್ತಕದಂತೆ ನಿಲ್ಲಿಸಿಡಲು ಹೇಳುತ್ತದೆ. ಕಾಗದ ತೇವವನ್ನು ಹೀರಿ ತಟ್ಟೆಗೆ ತಾಗಿಸುವುದರಿಂದ ಪುಸ್ತಿಕೆಯನ್ನು ಡಬ್ಬಿಯ ಹೊರಗಿಡುವುದು ಲೇಸೆಂದೂ ಹೇಳುತ್ತದೆ. ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುವ ಮಲೆನಾಡು, ಕರಾವಳಿಯ ಮನೆಗಳಲ್ಲಿ ಈ ಮಾತನ್ನು ಪಾಲಿಸಲೇಬೇಕು.

ಕರ್ನಾಟಕದ ಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ಡಬ್ಬಿ ಬದಲಿಸಬೇಕಾದ್ದು ಮದುವೆಯ ಡಿವಿಡಿಗೆ. ಅಂಗಡಿಯ ಸಿನಿಮಾ ಡಿವಿಡಿ ಅಚ್ಚೊತ್ತಿದ್ದು. ಸ್ಟುಡಿಯೊದವರು ಬರೆದುಕೊಟ್ಟದ್ದರಲ್ಲಿ ಚಿತ್ರ ನಿಂತಿರುವುದು ಬೆಳಕಿಗೆ ಬಾಡುವ ಬಣ್ಣದ ಪದರದಲ್ಲಿ. ಹಾಗಾಗಿ ಅದಕ್ಕೆ ಕಪ್ಪು ಡಬ್ಬಿಯೇ ಬೇಕು, ಬಿಸಿಲು ಬೀಳದ ಬೀರುವೇ ಬೇಕು. ಡಿವಿಡಿಯೆಂದರೆ 0.6 ಮಿ.ಮೀ. ದಪ್ಪದ ಎರಡು ಹಾಳೆಗಳನ್ನು ಅಂಟಿಸಿದ ತಟ್ಟೆ. ಎಳೆದು ಬಗ್ಗಿಸಿದರೆ ಅಂಟು ಬಿಡುವ ಭಯ. ಆದ್ದರಿಂದ ಡಬ್ಬಿ ಕೊಳ್ಳುವಾಗ ಒಂದು ಹಳೆಯ ತಟ್ಟೆಯನ್ನು ಜೊತೆಗೊಯ್ದು, ಅದರೊಳಗೆ ಕೂರಿಸಿ ನಡುವಿನ ಗುಂಡಿಯನ್ನು ಒತ್ತಿ ನೋಡಬೇಕು. ತಟ್ಟೆ ತಾನಾಗಿ ಮೇಲೇಳದಿದ್ದರೆ ಆ ಡಬ್ಬಿ ಬೇಡ. ಪ್ಲಾಸ್ಟಿಕ್ ಉಳಿಸಲು ಗೋಡೆಯಲ್ಲಿ ಕಿಂಡಿಗಳನ್ನು ಕೊರೆದ ಅಗ್ಗದ ಡಬ್ಬಿಗಳೂ ಇವೆ. ಅಲ್ಲಿ ಹೊರಗಿನ ಒತ್ತಡ ಕಾಗದದ ಮೂಲಕ ನೇರ ತಟ್ಟೆಗೇ ತಾಗುತ್ತದೆ. ಹಿಂಬದಿಯ ಕಾಗದವನ್ನು ಸರಿಸಿ ನೋಡಿದರೆ ಅವು ಅಂಗಡಿಯಲ್ಲೇ ಗೊತ್ತಾಗುತ್ತವೆ.