ಗದ್ದುಗೆ: ಕೂತವರ ಕಲ್ಲು

ಚುನಾವಣೆಯ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಮೆರೆಯುವ ‘ಗದ್ದುಗೆ’ ಎಂಬ ಶಬ್ದವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ‘ಮುತ್ಯಾನ ಗದ್ದಗಿ’ಯಾಗಿ, ಶರಣರನ್ನು ಮಣ್ಣು ಮಾಡಿದ ಜಾಗದ ಮೇಲಿನ ಕಲ್ಲಿನ ಕಟ್ಟೆಯನ್ನು ಹೇಳುತ್ತದೆ. ಅದು ಯಾವ ಭಾಷೆಯಿಂದ ಬಂತೆಂಬ ಚರ್ಚೆಯನ್ನು ನಿಘಂಟುಕಾರರಿಗೆ ಬಿಡಬಹುದು. ಸಿಂಹಾಸನಕ್ಕೂ ಸಮಾಧಿಗೂ ಅದು ಒಟ್ಟಿಗೆ ಸಲ್ಲುವ ಗುಟ್ಟು ಮಾತ್ರ ಕುಣಿಯೊಳಗೇ ಇದೆ.

ಲಿಂಗಾಯತರು ಸತ್ತವರನ್ನು ಮಲಗಿಸುವುದಿಲ್ಲ. ಕುಣಿಯಲ್ಲಿ ಕೂಡಿಸಿ, ಬದುಕಿದ್ದಾಗ ಎದೆಯ ಮೇಲೆ ಧರಿಸಿದ್ದ ಇಷ್ಟಲಿಂಗವನ್ನು, ಅಂದರೆ ಕಂತಿಯೆಂಬ ಕರಿಲೇಪದೊಳಗಿನ ಪುಟ್ಟ ಕಲ್ಲನ್ನು, ಎಡಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ, ಉಪ್ಪು ಹಾಕಿ ಮುಚ್ಚುತ್ತಾರೆ. ಒಳಗಿನವರು ಕೂತೇ ಇರುವುದರಿಂದ ಮೇಲಿನ ಕಲ್ಲು ಪೀಠವೆನಿಸಿತು. ಬಂದವರೆಲ್ಲ ಹಿಡಿ ಮಣ್ಣು ಹಾಕುವ ಈ ಕ್ರಿಯೆಗೆ ‘ಮಣ್ಣಿಗೆ ಹೋಗುವುದು’ ಎಂಬ ತೂಕದ ಮಾತಿರುವಾಗ, ಈಗಿನವರು ‘ಫ್ಯೂನರಲ್‌ಗೆ’ ಹೋಗುತ್ತಿರುವುದು ನೋವಿನ ಸಂಗತಿ.

ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಬಸವಣ್ಣನ ಮಡದಿ ನೀಲಾಂಬಿಕೆಯ ಐಕ್ಯಸ್ಥಳವಿದೆ; ಕೃಷ್ಣೆಯಾಚೆಯ ಕೂಡಲಸಂಗಮದಲ್ಲಿ ಬಸವಣ್ಣನದು. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿಗೆ ಬಂದಾಗ ಐಕ್ಯಲಿಂಗವನ್ನು ಕಿತ್ತು ಬೇರೆಡೆ ಇಡದೆ, ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ, ಭಕ್ತರು ಮೆಟ್ಟಿಲಿಳಿದು ಕಾಣುವಂತೆ ಮಾಡಿದ್ದು, ಕೂತವರನ್ನು ಎಬ್ಬಿಸಬಾರದೆಂಬ ಭಾವ ಇನ್ನೂ ಬದುಕಿದೆ ಎಂಬುದಕ್ಕೆ ಸಾಕ್ಷಿ. ಇದಕ್ಕೆ ಎದುರಾಗಿ, ಐರ್ಲೆಂಡಿನ ತಾರಾ ಗುಡ್ಡದಲ್ಲಿ, ನಿಜವಾದ ಅರಸ ಮೆಟ್ಟಿದರೆ ಕೂಗುತ್ತದೆಂದು ಜನ ನಂಬಿದ್ದ ‘ಲಿಯಾ ಫಾಲ್’ ಎಂಬ ಪಟ್ಟದ ಕಲ್ಲನ್ನು ಅದರ ಜಾಗದಿಂದ ಸರಿಸಿ, 1798ರ ದಂಗೆಯಲ್ಲಿ ಮಡಿದವರ ಗೋರಿಗೆ ಗುರುತಾಗಿ ನಿಲ್ಲಿಸಿದರು. ಪಟ್ಟಕ್ಕೂ ಗೋರಿಗೂ ಒಂದೇ ಕಲ್ಲಾಯಿತಾದರೂ, ಅಲ್ಲಿ ಕಲ್ಲು ನಡೆದುಬಂತು, ಇಲ್ಲಿ ಅರ್ಥ.

‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬ ಗಾದೆಯನ್ನು ಈಗ ಸಂತಾಪಸಭೆಗಳಲ್ಲಿ ಸತ್ತವರ ಹೊಗಳಿಕೆಗೆ ಸವೆಸಲಾಗುತ್ತಿದೆ. ಗಾದೆಯಲ್ಲಿ ಹೊಗಳಿಕೆಯಿಲ್ಲ, ಒರೆಗಲ್ಲಿದೆ. ‘ನೋಡು’ ಎಂಬುದು ಉಳಿದವರಿಗೆ ಇತ್ತ ಆಜ್ಞೆ: ಹೋದವರು ಏನನ್ನು ಹಿಡಿದುಕೊಂಡಿದ್ದರು, ಏನನ್ನು ಬಿಟ್ಟರು, ತಮ್ಮ ಹೆಸರಿಗೆ ಏನನ್ನು ಬೇಡಿದರು ಎಂಬುದನ್ನು ಕಣ್ಣಿಟ್ಟು ನೋಡಬೇಕು, ದೊಡ್ಡ ಗದ್ದುಗೆ ಕಟ್ಟಿಸಿದ ಮಾತ್ರಕ್ಕೆ ಆ ನೋಟದಿಂದ ಯಾರೂ ಪಾರಾಗಲಾರರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರಲ್ಲೇ ಬರೆದಿಟ್ಟ ಪತ್ರದಲ್ಲಿ, ತಮ್ಮ ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗರ್ಪಿಸಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು ಎಂದಿದ್ದರು. 2023ರ ಜನವರಿ 2ರಂದು ಅವರು ತೀರಿಕೊಂಡಾಗ, ಗದ್ದುಗೆಗಳ ಈ ಸೀಮೆಯ ಜನ ಲಕ್ಷಗಟ್ಟಲೆ ನೆರೆದು, ಬರೆದಂತೆಯೇ ನಡೆಸಿಕೊಟ್ಟರು.