ರಾಷ್ಟ್ರಪತಿ ಟಿಕೆಟ್: ಹೆಣ್ಣಿನ ಹೆಸರು ಯಾವಾಗ ಬರುತ್ತದೆ?

ರಾಷ್ಟ್ರಪತಿ ಚುನಾವಣೆ ಹತ್ತಿರ ಬಂತೆಂದರೆ ಟೀವಿಯಲ್ಲಿ ಒಂದೇ ಚರ್ಚೆ. ಈ ಸಲ ಪಕ್ಷ ಯಾರನ್ನು ನಿಲ್ಲಿಸುತ್ತದೆ? ಹೆಣ್ಣುಮಗಳಿಗೆ ಅವಕಾಶ ಸಿಗುತ್ತದಾ? ಹತ್ತಾರು ಹೆಸರು ಹರಿದಾಡುತ್ತವೆ, ಬಹುಪಾಲು ಸುಳ್ಳಾಗುತ್ತವೆ. ಯಾಕೆ ಹೀಗೆ ಎಂದು ತಿಳಿಯಲು ನಾವು ಹಳೆಯ ಲೆಕ್ಕ ತೆಗೆದು ನೋಡಿದೆವು.

ಮೊದಲು ಮತದ ಲೆಕ್ಕ. ರಾಷ್ಟ್ರಪತಿಯನ್ನು ನಾವು ನೀವು ನೇರವಾಗಿ ಆರಿಸುವುದಿಲ್ಲ. ಸಂಸದರು, ಶಾಸಕರು ಆರಿಸುತ್ತಾರೆ. ಕೋಲಾರ, ಬಂಗಾರಪೇಟೆ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದರೆ ಮೊದಲು ಕೆ.ಆರ್.ಪುರ, ಆಮೇಲೆ ಕಂಟೋನ್ಮೆಂಟ್ ಸಿಗುತ್ತದೆ. ಕೆ.ಆರ್.ಪುರದ ಶಾಸಕರ ಮತಕ್ಕೂ ಶಿವಾಜಿನಗರದ ಶಾಸಕರ ಮತಕ್ಕೂ ನಿಮ್ಮ ತಾಲ್ಲೂಕಿನ ಶಾಸಕರ ಮತಕ್ಕೂ ಒಂದೇ ಬೆಲೆ: 131. 1971ರ ಜನಗಣತಿಯ ನಮ್ಮ ಜನಸಂಖ್ಯೆಯನ್ನು 224 ಸ್ಥಾನಗಳಿಗೆ ಹಂಚಿ, ಬಂದದ್ದನ್ನು ಸಾವಿರದಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. ಎಲ್ಲ ಶಾಸಕರದ್ದೂ ಸೇರಿದರೆ 29,344. ಉತ್ತರ ಪ್ರದೇಶದ ಒಬ್ಬ ಶಾಸಕರ ಮತಕ್ಕೆ 208, ಸಿಕ್ಕಿಂನವರ ಮತಕ್ಕೆ 7.

ಹಾಗಾಗಿ ಯಾರು ಗೆಲ್ಲುತ್ತಾರೆ ಎಂದು ಹೇಳುವುದು ಅಷ್ಟು ಕಷ್ಟವಲ್ಲ. ಪಕ್ಷಗಳ ಬಲ ಕೂಡಿಸಿದರೆ ಸಾಕು. ಕಷ್ಟ ಇರುವುದು ಪಕ್ಷ ಯಾರನ್ನು ನಿಲ್ಲಿಸುತ್ತದೆ ಎಂದು ಹೇಳುವುದರಲ್ಲಿ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂಬುದಕ್ಕೂ ರಾಜ್ಯ ರಾಜ್ಯಗಳಲ್ಲಿ ಜನ ಮತ ಹಾಕುತ್ತಾರೆ. ಸಮೀಕ್ಷೆ ಮಾಡಬಹುದು. ಅಲ್ಲಿಯೂ ಲೆಕ್ಕ ತಪ್ಪಿದ್ದುಂಟು. 2008ರಲ್ಲಿ ಮೊದಮೊದಲು ಮುಂದಿದ್ದ ಹಿಲರಿ ಕ್ಲಿಂಟನ್ ಕೊನೆಗೆ ಒಬಾಮಾ ಎದುರು ಟಿಕೆಟ್ ಕಳೆದುಕೊಂಡರು. 2016ರಲ್ಲಿ ಟಿಕೆಟ್ ಸಿಕ್ಕಿತು, ಚುನಾವಣೆ ಸೋತರು. ನಮ್ಮಲ್ಲಿ ಟಿಕೆಟ್ ತೀರ್ಮಾನ ಆಗುವುದು ಒಂದು ಕೋಣೆಯಲ್ಲಿ, ಕೆಲವೇ ಜನರ ನಡುವೆ. ಅದನ್ನು ಯಾವ ಸಮೀಕ್ಷೆಯೂ ಹೇಳಲಾರದು.

ಅಂಥ ಒಂದು ಕೋಣೆ ನಮ್ಮ ಬೆಂಗಳೂರಿನಲ್ಲೇ ಇತ್ತು. 1969ರ ಜುಲೈನಲ್ಲಿ ಕಾಂಗ್ರೆಸ್ ಅಧಿವೇಶನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಂ ಹೆಸರು ಮುಂದಿಟ್ಟರು. ಸಂಸದೀಯ ಮಂಡಳಿಯಲ್ಲಿ ಹಿರಿಯರದ್ದೇ ಬಹುಮತ. ನೀಲಂ ಸಂಜೀವ ರೆಡ್ಡಿಗೆ ಟಿಕೆಟ್ ಆಯಿತು. ದೇಶದ ಪ್ರಧಾನಿ ಹೆಣ್ಣಾಗಿದ್ದರೂ ಆ ಕೋಣೆಯಲ್ಲಿ ಅವರ ಮಾತು ನಡೆಯಲಿಲ್ಲ.

ಮುಂದಿನದ್ದು ಎಲ್ಲರಿಗೂ ಗೊತ್ತು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಯಿತು. ನಮ್ಮ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಕೂಡ ಅದರಲ್ಲಿದ್ದವು. ಆಮೇಲೆ ಇಂದಿರಾ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದರು. ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತು 4,20,077 ಮತ ಪಡೆದರು. ರೆಡ್ಡಿಗೆ 4,05,427. ಕೋಣೆಯಲ್ಲಿ ಟಿಕೆಟ್ ಗೆದ್ದವರು ಹೊರಗೆ ಸೋತರು. ವರ್ಷ ಮುಗಿಯುವಷ್ಟರಲ್ಲಿ ಕಾಂಗ್ರೆಸ್ಸೇ ಎರಡು ಹೋಳಾಯಿತು.

ದೊಡ್ಡ ಪಕ್ಷಗಳು ಅಥವಾ ಕೂಟಗಳು ರಾಷ್ಟ್ರಪತಿ ಹುದ್ದೆಗೆ ಹೆಣ್ಣುಮಕ್ಕಳನ್ನು ನಿಲ್ಲಿಸಿದ್ದು ಈ ಶತಮಾನದಲ್ಲೇ. 2002ರಲ್ಲಿ ಎಡಪಕ್ಷಗಳು 87 ವರ್ಷದ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದವು. ಕಲಾಂ ಎದುರು ಸೋಲು ಖಚಿತವಿತ್ತು. 2007ರಲ್ಲಿ ಕಾಂಗ್ರೆಸ್ ಕಡೆಯಿಂದ ಮೊದಲು ಕೇಳಿಬಂದದ್ದು ಶಿವರಾಜ ಪಾಟೀಲರ ಹೆಸರು. ಎಡಪಕ್ಷಗಳು ಒಪ್ಪಲಿಲ್ಲ. ಆಗ ಬಂದದ್ದು ಪ್ರತಿಭಾ ಪಾಟೀಲ್ ಹೆಸರು. ಅವರು ಗೆದ್ದು ಮೊದಲ ಮಹಿಳಾ ರಾಷ್ಟ್ರಪತಿಯಾದರು. 2017ರಲ್ಲಿ ವಿರೋಧ ಪಕ್ಷಗಳು ಮೀರಾ ಕುಮಾರ್ ಅವರನ್ನು ನಿಲ್ಲಿಸಿದವು. ರಾಮನಾಥ ಕೋವಿಂದ್ ಎದುರು ಸೋತರು.

ಅದೇ 2017ರಲ್ಲಿ ಬಿಜೆಪಿ ಕಡೆಯಿಂದ ದ್ರೌಪದಿ ಮುರ್ಮು ಹೆಸರೂ ಓಡಾಡಿತ್ತು. ಆ ಸಲ ಆಗಲಿಲ್ಲ. 2022ರ ಜೂನ್ 21ರ ರಾತ್ರಿ ಅದೇ ಹೆಸರು ಘೋಷಣೆಯಾಯಿತು. ನಮ್ಮ ಜೆಡಿಎಸ್ ಕೂಡ ಬೆಂಬಲ ಕೊಟ್ಟಿತು. 6,76,803 ಮತ ಪಡೆದು ಗೆದ್ದರು. ಅವರು ರಾಜಕೀಯಕ್ಕೆ ಬಂದದ್ದು 1997ರಲ್ಲಿ, ಒಡಿಶಾದ ರಾಯರಂಗಪುರ ಎಂಬ ಸಣ್ಣ ಊರಿನ ಕೌನ್ಸಿಲರ್ ಆಗಿ.

ಅದೇ ವರ್ಷ ಉಪರಾಷ್ಟ್ರಪತಿ ಹುದ್ದೆಗೆ ವಿರೋಧ ಪಕ್ಷಗಳು ಮಂಗಳೂರಿನವರಾದ, ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ ಮಾರ್ಗರೆಟ್ ಆಳ್ವ ಅವರನ್ನು ನಿಲ್ಲಿಸಿದವು. ಸಂಖ್ಯೆ ಮೊದಲೇ ಇರಲಿಲ್ಲ. 182 ಮತ ಬಂತು, ಧನಕರ್ ಅವರಿಗೆ 528.

ಐದು ಹೆಸರು ಒಟ್ಟಿಗೆ ಇಟ್ಟು ನೋಡಿ. ಮೂವರಿಗೆ ಟಿಕೆಟ್ ಸಿಕ್ಕಿದ್ದು ಸೋಲು ಗೊತ್ತಿದ್ದಾಗ. ಇಬ್ಬರಿಗೆ ಸಿಕ್ಕಿದ್ದು ಗೆಲ್ಲುವ ಬಲ ಇದ್ದವರಿಂದ. ಆ ಇಬ್ಬರಲ್ಲಿ ಒಬ್ಬರ ಹೆಸರು ಬಂದದ್ದು ಬೇರೊಬ್ಬರ ಹೆಸರು ಬಿದ್ದ ಮೇಲೆ, ಇನ್ನೊಬ್ಬರದ್ದು ಐದು ವರ್ಷ ಕಾದ ಮೇಲೆ. ಆದ್ದರಿಂದ ಹೆಣ್ಣುಮಗಳ ಹೆಸರು ಕೇಳಿದಾಗ ಎರಡು ಪ್ರಶ್ನೆ ಹಾಕಬೇಕು. ಕೊಡುತ್ತಿರುವವರ ಕೈಯಲ್ಲಿ ಸಂಖ್ಯೆ ಇದೆಯಾ? ಕೋಣೆಯಲ್ಲಿ ಕೂತವರು ಯಾರು?

ಎರಡನೆಯ ಪ್ರಶ್ನೆಗೆ ಬೆಂಗಳೂರಿನ ಪೂರ್ವ ಭಾಗದಲ್ಲೇ ಉತ್ತರ ಹುಡುಕೋಣ. ಶಿವಾಜಿನಗರ, ಪುಲಕೇಶಿನಗರ, ಸರ್ವಜ್ಞನಗರ, ಸಿ.ವಿ. ರಾಮನ್ ನಗರ, ಕೆ.ಆರ್.ಪುರ, ಮಹದೇವಪುರ. 2008ರಿಂದ 2023ರವರೆಗೆ ಈ ಆರು ಕ್ಷೇತ್ರಗಳಲ್ಲಿ ನಾಲ್ಕು ವಿಧಾನಸಭಾ ಚುನಾವಣೆ ನಡೆದಿವೆ, ಅಂದರೆ 24 ಗೆಲುವು. ಅದರಲ್ಲಿ ಹೆಣ್ಣುಮಗಳದ್ದು ಒಂದೇ, 2023ರಲ್ಲಿ ಮಹದೇವಪುರದ ಮಂಜುಳಾ ಅರವಿಂದ ಲಿಂಬಾವಳಿ. ಅಲ್ಲೂ ಶಾಸಕರಾಗಿದ್ದ ಪತಿಗೆ ಟಿಕೆಟ್ ತಪ್ಪಿದಾಗ ಅವರಿಗೆ ಸಿಕ್ಕಿತು. ಇಡೀ ರಾಜ್ಯದಲ್ಲಿ ಆ ವರ್ಷ 224ರಲ್ಲಿ ಗೆದ್ದ ಮಹಿಳೆಯರು 10.

ಇತ್ತ ನಮ್ಮ ಪಂಚಾಯಿತಿಗಳನ್ನು ನೋಡಿ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಮಹಿಳೆಯರಿಗೆ ಕಾಲು ಭಾಗ ಮೀಸಲಿತ್ತು. 2010ರಿಂದ ಅರ್ಧ. ಕೆಳಗೆ ಅರ್ಧ ಜನ ತಯಾರಾಗಿದ್ದಾರೆ, ಮೇಲೆ 2023ರಲ್ಲಿ ಗೆದ್ದವರು 10 ಜನ. ಮಧ್ಯದಲ್ಲಿ ಇರುವುದು ಟಿಕೆಟ್ ಎಂಬ ಬಾಗಿಲು. 2023ರಲ್ಲಿ ಸಂಸತ್ತು ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಎಂದು ಸಂವಿಧಾನ ತಿದ್ದಿತು. ಅದು ಜಾರಿಗೆ ಬರಲು ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಗಬೇಕು. ಆದಾಗ ಕರ್ನಾಟಕದಲ್ಲಿ ಈಗಿನ ಲೆಕ್ಕಕ್ಕೆ 75ರಷ್ಟು ಶಾಸಕಿಯರು ಇರುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ರಾಷ್ಟ್ರಪತಿ ಚುನಾವಣೆಯ ಒಂದು ಮತ.

ನಿಮ್ಮೂರಿನ ಪಂಚಾಯಿತಿ ಅಧ್ಯಕ್ಷೆ ಮುಂದೆ ತಾಲ್ಲೂಕು, ಜಿಲ್ಲಾ ಪಂಚಾಯಿತಿ ಟಿಕೆಟ್ ಕೇಳಲು ಹೋದರೆ, ಜೊತೆಗೆ ನಾಲ್ಕು ಜನ ಹೋಗಿ. ರಾಷ್ಟ್ರಪತಿಯಾದ ರಾಯರಂಗಪುರದ ಕೌನ್ಸಿಲರ್ ಕೂಡ ಶುರು ಮಾಡಿದ್ದು ಸಣ್ಣ ಊರಿನಿಂದಲೇ.