ಗಾಣ ನಿಂತ ಮೇಲೆ ಗಾಣಿಗರಪೇಟೆ

ಬೆಂಗಳೂರಿನಲ್ಲಿ ಮೈಸೂರು ಬ್ಯಾಂಕಿನ ವೃತ್ತದಿಂದ ದಕ್ಷಿಣಾಭಿಮುಖವಾಗಿ ಹೊರಟು ಕೃಷ್ಣರಾಜೇಂದ್ರ ಮಾರುಕಟ್ಟೆಯನ್ನು ಮುಟ್ಟುವ ಅವೆನ್ಯೂ ರಸ್ತೆಗೆ ಪೂರ್ವದಲ್ಲಿ ದೊಡ್ಡಪೇಟೆಯೆಂದು ಹೆಸರು. ನಡುಹಗಲಿನಲ್ಲಿ ನೆರಳಿಗೆ ಹಂಬಲಿಸುವ ಈ ಇಕ್ಕಟ್ಟಿನ ಬೀದಿಗೆ ಸಾಲುಮರಗಳನ್ನು ನೆನಪಿಗೆ ತರುವ ಹೆಸರನ್ನಿತ್ತವರ ರಸಿಕತೆ ನನಗೆ ಇಂದಿಗೂ ಬಗೆಹರಿದಿಲ್ಲ. 1537ರಲ್ಲಿ ಕೆಂಪೇಗೌಡನು ಪಟ್ಟಣವನ್ನು ಕಟ್ಟಲೆಳಸಿದಾಗ, ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿ, ಆ ಉಳುಮೆಯ ಸಾಲುಗಳನ್ನೇ ರಾಜಬೀದಿಗಳನ್ನಾಗಿ ಮಾಡಿದನೆಂಬುದು ಐತಿಹ್ಯ. ಕಥೆ ದಿಟವಿರಲಿ ಇಲ್ಲದಿರಲಿ, ಅದನ್ನು ಕಟ್ಟಿದವನು ಒಕ್ಕಲಿನ ಮಗನೇ ಇರಬೇಕು.

ಆ ಬೀದಿಗಳ ಇಕ್ಕೆಲಗಳಲ್ಲಿ ಕಸುಬಿಗೊಂದು, ಸರಕಿಗೊಂದು ಕೇರಿಯಾಗಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳು ಬೆಳೆದುವು. ಅಂದಿನ ಅಂಗಡಿಗೂ ಕಮ್ಮಟಕ್ಕೂ ನಡುವೆ ಗೋಡೆಯಿರಲಿಲ್ಲ. ಹಿಂದಿನ ಪಡಸಾಲೆಯಲ್ಲಿ ಮಗ್ಗ, ಮುಂದಿನ ಜಗಲಿಯಲ್ಲಿ ವ್ಯಾಪಾರ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲೀಸನ ಸೈನ್ಯವು ಹಲಸೂರು ಬಾಗಿಲನ್ನು ಒಡೆದು ಪೇಟೆಯನ್ನು ಹೊಕ್ಕಾಗ ಈ ಜಗಲಿಗಳೆಲ್ಲ ಬರಿದಾದುವು. ಒಂಬತ್ತು ವರ್ಷಗಳ ತರುವಾಯ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ವೈದ್ಯನಾಗಿದ್ದರೂ ನಾಡಿಗಿಂತ ಮಗ್ಗವನ್ನೇ ಹೆಚ್ಚು ಹಿಡಿದು ನೋಡಿದನೆನ್ನಬೇಕು: ದೇವಾಂಗದವರು, ಪಟ್ಟೆಗಾರರು, ಖತ್ರಿಗಳು ನೇಯುತ್ತಿದ್ದ ಬಟ್ಟೆಗಳ ಬಗೆಯನ್ನೂ, ಬಣ್ಣಗಾರರ ಕ್ರಮಗಳನ್ನೂ ತಾಳ್ಮೆಯಿಂದ ಬರೆದಿಟ್ಟಿದ್ದಾನೆ. ಆರ್ಕಾಟು, ಹೈದರಾಬಾದುಗಳೊಡನೆ ವ್ಯಾಪಾರವನ್ನು ಟಿಪ್ಪೂ ಸುಲ್ತಾನನು ನಿಷೇಧಿಸಿದ್ದರಿಂದ ವರ್ತಕರಿಗಾದ ನಷ್ಟವನ್ನೂ ಅವನು ಮರೆಯಲಿಲ್ಲ. ಅಂಗಡಿಯ ಅಳಿವು ಉಳಿವುಗಳು ಎಷ್ಟೋ ವೇಳೆ ಗಿರಾಕಿಯ ಕೈಯಲ್ಲಿರದೆ ಅರಸನ ಕೋಪತಾಪಗಳಲ್ಲಿರುತ್ತಿದ್ದುವು.

ಗಾಣವನ್ನೂ ಮಗ್ಗವನ್ನೂ ನಿಲ್ಲಿಸಿದುದು ಮಾತ್ರ ಅರಸನೂ ಅಲ್ಲ, ದಂಡೂ ಅಲ್ಲ. ಗಿರಣಿಯ ನೂಲು ಅಗ್ಗವಾಯಿತು. ಎಣ್ಣೆ ಡಬ್ಬಿಯಲ್ಲಿ ಬಂದಿತು. 1898ರ ಪ್ಲೇಗು ಒತ್ತೊತ್ತಾಗಿದ್ದ ಮನೆಗಳನ್ನು ತೆರವು ಮಾಡಿಸಿ, ಉಳ್ಳವರನ್ನು ಬಸವನಗುಡಿ ಮಲ್ಲೇಶ್ವರಗಳ ಹೊಸ ಬಡಾವಣೆಗಳತ್ತ ಸೆಳೆಯಿತು. ವಾಸದ ಮನೆಗಳು ಒಂದೊಂದಾಗಿ ಉಗ್ರಾಣಗಳಾದುವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ಬೀದಿದೀಪಗಳು ಬೆಳಗುವ ಹೊತ್ತಿಗೆ, ಆ ಬೆಳಕಿನಲ್ಲಿ ಕಾಣಬೇಕಾಗಿದ್ದ ಕೈಕಸುಬುಗಳಲ್ಲಿ ಎಷ್ಟೋ ಮಂಕಾಗಿದ್ದುವು.

ಆದರೂ ಎಲ್ಲವೂ ಅಳಿಯಿತೆನ್ನುವುದು ಅವಸರದ ಮಾತು. ಚಿಕ್ಕಪೇಟೆ ಇಂದಿಗೂ ಸೀರೆಯನ್ನು ಬಿಟ್ಟಿಲ್ಲ. ತರಗುಪೇಟೆಯಲ್ಲಿ ಧಾನ್ಯದ ಮೂಟೆಗೆ ಬೆನ್ನು ಕೊಟ್ಟ ಹಮಾಲಿ ದಾರಿ ಬಿಡಿಸಿಕೊಂಡೇ ನಡೆಯುತ್ತಾನೆ. ದೊಡ್ಡಪೇಟೆಯ ಕಾಲುದಾರಿಯಲ್ಲಿ, ನೆನೆಯಲು ಯಾವ ಹಳೆಯ ಕುಲಕಸುಬೂ ಇಲ್ಲದ ಹಳೆಯ ಪುಸ್ತಕಗಳ ವ್ಯಾಪಾರ ಬೇರೂರಿದೆ. ಇನ್ನು ಬಳೆಪೇಟೆಗೆ ಹೋಗಿ ಅಂಗಡಿಯ ಮೆಟ್ಟಿಲೇರಿದರೆ, ನಿಮ್ಮೆದುರು ಇಡುವುದು ತಬಲವನ್ನೋ ವೀಣೆಯನ್ನೋ. ತಬಲದ ಮೇಲೆ ಬೆರಳಾಡಿಸಿ ಅಂಗಡಿಯವರು ಶ್ರುತಿ ಕೂಡಿಸುತ್ತಿರುವಾಗ, ಬಳೆ ಕೊಳ್ಳಲು ಬಂದವರೂ ಒಂದು ಗಳಿಗೆ ನಿಂತು ಕೇಳುತ್ತಾರೆ.